ಯಾಜ್ಞವಲ್ಕ್ಯನ ಹಸುಗಳನ್ನು ಬಿಟ್ಟು ಮುಂದೆ ಹೋಗಬೇಡಿ

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ, ವಯಸ್ಸು ನಲವತ್ತಾರು. ದೇವುಡು ಅವರ ಕಾದಂಬರಿ ‘ಮಹಾದರ್ಶನ’ ಓದಿದ ಮೇಲೆ ಉಪನಿಷತ್ತಿನ ಋಷಿ ಯಾಜ್ಞವಲ್ಕ್ಯನ ಬಗ್ಗೆ ಇನ್ನಷ್ಟು ತಿಳಿಯಬೇಕೆನಿಸಿ ಬೃಹದಾರಣ್ಯಕ ಉಪನಿಷತ್ತಿನ ಕನ್ನಡ ಅನುವಾದ ತಂದುಕೊಂಡೆ. ಮೊದಲ ಅಧ್ಯಾಯದಲ್ಲೇ ನಿಂತುಹೋಗಿದ್ದೇನೆ. ಕಾದಂಬರಿಯಲ್ಲಿ ಅಷ್ಟು ಹತ್ತಿರವಾಗಿದ್ದ ಮನುಷ್ಯ ಮೂಲದಲ್ಲಿ ಸಿಗುತ್ತಲೇ ಇಲ್ಲ. ಸಂಸ್ಕೃತ ಬಲ್ಲ ನನ್ನ ಅಣ್ಣ, ‘ಕಾದಂಬರಿಯ ದಾರಿಯಿಂದ ತತ್ತ್ವಶಾಸ್ತ್ರಕ್ಕೆ ಬಂದರೆ ಹೀಗೇ ಆಗುವುದು, ಕಟ್ಟುಕತೆ ಬಿಟ್ಟು ಭಾಷ್ಯ ಹಿಡಿ’ ಎನ್ನುತ್ತಾರೆ. ಮಹಾಭಾರತವನ್ನು ಪವಾಡಗಳಿಲ್ಲದೆ ಹೇಳುವ ಭೈರಪ್ಪನವರ ‘ಪರ್ವ’ವನ್ನು ಮೆಚ್ಚಿ ಓದಿರುವ ಗೆಳತಿ, ‘ಪುರಾಣದ ಹಿಂದೆ ನಿಜವಾಗಿ ನಡೆದದ್ದೇನು ಎಂಬುದಷ್ಟೇ ಮುಖ್ಯ’ ಎನ್ನುತ್ತಾಳೆ. ನಾನು ಯಾವುದನ್ನು ಮೊದಲು ಓದಲಿ, ಹೇಗೆ ಓದಲಿ?

ಉತ್ತರ: ನೀವು ಎಲ್ಲಿ ನಿಂತಿರಿ ಎಂದು ಊಹಿಸುವುದು ಕಷ್ಟವಲ್ಲ. ಬೃಹದಾರಣ್ಯಕ ಆರಂಭವಾಗುವುದೇ ಅಶ್ವಮೇಧದ ಕುದುರೆಯಿಂದ. ಉಷಸ್ಸು ಆ ಕುದುರೆಯ ತಲೆ, ಸೂರ್ಯ ಅದರ ಕಣ್ಣು, ಗಾಳಿ ಅದರ ಉಸಿರು, ಸಂವತ್ಸರ ಅದರ ಮೈ. ಯಜ್ಞಶಾಲೆಯ ನಡುವೆಯೇ ಬದುಕಿದವರಿಗೆ ಈ ಮಾತು ಕೇಳಿದೊಡನೆ ಕಣ್ಣಿಗೆ ಕಟ್ಟುತ್ತಿತ್ತು. ನಮಗೆ ಆ ಯಜ್ಞದ ಪರಿಚಯವೇ ಇಲ್ಲದ್ದರಿಂದ ಮೊದಲ ಪುಟವೇ ಗೋಡೆಯಾಗುತ್ತದೆ. ಮೇಲಾಗಿ ಆ ಅಧ್ಯಾಯದಲ್ಲಿ ಯಾಜ್ಞವಲ್ಕ್ಯನ ಹೆಸರೊಂದು ಬಂದುಹೋಗುತ್ತದೆ, ಅಷ್ಟೇ; ಆಳು ಕಾಣಿಸುವುದಿಲ್ಲ. ಆದ್ದರಿಂದ ಉಪನಿಷತ್ತನ್ನು ಮೊದಲ ಪುಟದಿಂದಲೇ ಓದಬೇಕೆಂಬ ಹಟವನ್ನು ಈಗಲೇ ಬಿಟ್ಟುಬಿಡಿ. ಮೂರನೆಯ ಅಧ್ಯಾಯವನ್ನು ತೆರೆಯಿರಿ. ನೀವು ಹುಡುಕುತ್ತಿರುವವನು ಅಲ್ಲಿದ್ದಾನೆ.

ವಿದೇಹದ ದೊರೆ ಜನಕ ಬಹುದಕ್ಷಿಣೆಯ ಯಜ್ಞವೊಂದನ್ನು ಮಾಡಿದ್ದಾನೆ. ಕುರುಪಾಂಚಾಲ ದೇಶದ ಬ್ರಾಹ್ಮಣರೆಲ್ಲ ಕೂಡಿದ್ದಾರೆ. ಇವರಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವರು ಯಾರು ಎಂಬ ಕುತೂಹಲ ಅರಸನಿಗೆ. ಸಾವಿರ ಹಸುಗಳನ್ನು ಕೂಡಿಹಾಕಿಸಿ, ಒಂದೊಂದರ ಕೊಂಬುಗಳಿಗೂ ಹತ್ತು ಹತ್ತು ಪಾದ (ಹಳೆಯ ಕಾಲದ ಒಂದು ತೂಕ) ಚಿನ್ನ ಕಟ್ಟಿಸಿ, ನಿಮ್ಮಲ್ಲಿ ಬ್ರಹ್ಮಿಷ್ಠನಾದವನು, ಅಂದರೆ ಬ್ರಹ್ಮವನ್ನು ಎಲ್ಲರಿಗಿಂತ ಹೆಚ್ಚು ಬಲ್ಲವನು, ಇವನ್ನು ಹೊಡೆದುಕೊಂಡು ಹೋಗಲಿ ಎನ್ನುತ್ತಾನೆ. ಯಾರೂ ಏಳುವುದಿಲ್ಲ. ಯಾಜ್ಞವಲ್ಕ್ಯ ತನ್ನ ಶಿಷ್ಯನತ್ತ ತಿರುಗಿ, ‘ಸಾಮಶ್ರವ, ಹಸುಗಳನ್ನು ಹೊಡೆದುಕೊಂಡು ನಡೆ’ ಎನ್ನುತ್ತಾನೆ. ಸಭೆ ಕೆರಳುತ್ತದೆ. ಜನಕನ ಹೋತೃ, ಅಂದರೆ ಯಜ್ಞದಲ್ಲಿ ಋಗ್ವೇದದ ಮಂತ್ರ ಹೇಳುವ ಪುರೋಹಿತನಾದ ಅಶ್ವಲ ಎದ್ದು, ‘ನಮ್ಮೆಲ್ಲರಿಗಿಂತ ಬ್ರಹ್ಮಿಷ್ಠ ನೀನೇನು?’ ಎಂದು ಕೇಳುತ್ತಾನೆ. ಅದಕ್ಕೆ ಬರುವ ಉತ್ತರ ಇದು: ‘ಬ್ರಹ್ಮಿಷ್ಠನಿಗೆ ನಮ್ಮ ನಮಸ್ಕಾರ. ನಮಗೆ ಬೇಕಾಗಿರುವುದು ಹಸುಗಳು.’

ಈ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಭಾರತೀಯ ದರ್ಶನದ ಅತ್ಯಂತ ಸೂಕ್ಷ್ಮವಾದ ವಿಚಾರಗಳು ಇನ್ನು ಮುಂದೆ ಬರಲಿವೆ. ಅವು ಮೌನದ ಗುಹೆಯಿಂದ ಬರುವುದಿಲ್ಲ. ಆಸ್ತಿ ಪಣಕ್ಕಿಟ್ಟ, ಮಾನ ಪಣಕ್ಕಿಟ್ಟ, ಸಿಟ್ಟಿನಿಂದ ಕುದಿಯುತ್ತಿರುವ ಒಂದು ಸಭೆಯಿಂದ ಬರುತ್ತವೆ. ಮಾತಾಡುತ್ತಿರುವವನಿಗೆ ಹಸುಗಳು ನಿಜವಾಗಿಯೂ ಬೇಕು. ಮುಂದಿನ ಅಧ್ಯಾಯದಲ್ಲಿ ಮತ್ತೊಮ್ಮೆ ಅವನು ಬಂದಾಗ ಜನಕನೇ, ‘ಹಸುಗಳನ್ನು ಬಯಸಿ ಬಂದಿರೋ, ಸೂಕ್ಷ್ಮವಾದ ಪ್ರಶ್ನೆಗಳನ್ನು ಬಯಸಿ ಬಂದಿರೋ?’ ಎಂದು ಕೇಳುತ್ತಾನೆ. ‘ಎರಡಕ್ಕೂ, ಸಮ್ರಾಟ’ ಎನ್ನುತ್ತಾನೆ ಯಾಜ್ಞವಲ್ಕ್ಯ. ನಿಮ್ಮ ಕಾದಂಬರಿಯಲ್ಲಿ ಸಿಕ್ಕಿದ ಮನುಷ್ಯ ಮೂಲದಲ್ಲಿ ಇಲ್ಲವೆಂದಿರಲ್ಲ, ಇಗೋ ಇಲ್ಲಿದ್ದಾನೆ. ವಿವರಣೆಯ ಒಂದು ಪುಟವೂ ಇಲ್ಲದೆ ಒಂದೇ ಮಾತಿನಲ್ಲಿ ನಿಂತಿದ್ದಾನೆ.

ಕಾಲೇಜಿನಲ್ಲಿ ದರ್ಶನಶಾಸ್ತ್ರ ಪಾಠ ಮಾಡಿದಷ್ಟು ಕಾಲವೂ ನನ್ನನ್ನು ಕಾಡಿದ ಸಂಗತಿ ಇದು. ಪಠ್ಯಪುಸ್ತಕಗಳು ಈ ಅಧ್ಯಾಯದಿಂದ ‘ಅಕ್ಷರ’ (ಅಳಿಯದ್ದು), ‘ಅಂತರ್ಯಾಮಿ’ (ಒಳಗಿದ್ದು ನಡೆಸುವವನು), ‘ನೇತಿ ನೇತಿ’ (ಇದಲ್ಲ, ಇದಲ್ಲ) ಎಂಬ ಪದಗಳನ್ನು ಬಿಡಿಸಿಕೊಂಡು ಹಸುಗಳನ್ನು ಅಲ್ಲಿಯೇ ಬಿಟ್ಟುಬಿಡುತ್ತವೆ. ವಿದ್ಯಾರ್ಥಿ ಪರೀಕ್ಷೆಯಲ್ಲಿ ಉತ್ತರ ಬರೆಯುತ್ತಾನೆ, ಆದರೆ ಯಾರು ಯಾರಿಗೆ ಯಾಕೆ ಹೇಳಿದರು ಎಂಬುದು ಅವನಿಗೆ ತಿಳಿದಿರುವುದಿಲ್ಲ. ಪ್ರಶ್ನೆ ಕೇಳಿದವರ ಮುಖ ಕಾಣದಿದ್ದರೆ ಉತ್ತರದ ತೂಕವೂ ತಿಳಿಯುವುದಿಲ್ಲ. ಉದಾಹರಣೆಗೆ ಇದೇ ಸಭೆಯಲ್ಲಿ ಎರಡನೆಯವನಾಗಿ ಏಳುವ ಆರ್ತಭಾಗನನ್ನು ನೋಡಿ. ಸತ್ತವನ ಮಾತು ಬೆಂಕಿಯನ್ನು ಸೇರುತ್ತದೆ, ಉಸಿರು ಗಾಳಿಯನ್ನು, ಕಣ್ಣು ಸೂರ್ಯನನ್ನು, ಮನಸ್ಸು ಚಂದ್ರನನ್ನು ಸೇರುತ್ತದೆ; ಹಾಗಾದರೆ ಆ ಮನುಷ್ಯ ಆಗ ಎಲ್ಲಿರುತ್ತಾನೆ ಎಂದು ಅವನು ಕೇಳುತ್ತಾನೆ. ಅಲ್ಲಿಯವರೆಗೂ ಬಾಣಕ್ಕೆ ಬಾಣವೆಂಬಂತೆ ಉತ್ತರ ಕೊಡುತ್ತಿದ್ದ ಯಾಜ್ಞವಲ್ಕ್ಯ ಇಲ್ಲಿ ಬದಲಾಗುತ್ತಾನೆ. ‘ಕೈ ಕೊಡು ಆರ್ತಭಾಗ, ಇದನ್ನು ನಾವಿಬ್ಬರೇ ತಿಳಿಯೋಣ, ಜನರ ನಡುವೆ ಬೇಡ’ ಎನ್ನುತ್ತಾನೆ. ಇಬ್ಬರೂ ಸಭೆಯಿಂದ ಹೊರಗೆ ಹೋಗುತ್ತಾರೆ. ಅವರು ಆಡಿದ್ದು ಕರ್ಮದ ವಿಚಾರವನ್ನೇ ಎಂದಷ್ಟು ಹೇಳಿ, ಪುಣ್ಯದಿಂದ ಪುಣ್ಯವಂತ, ಪಾಪದಿಂದ ಪಾಪಿ ಎಂಬ ಒಂದು ಸಾಲನ್ನು ಕೊಟ್ಟು ಉಪನಿಷತ್ತು ಸುಮ್ಮನಾಗುತ್ತದೆ.

ಕರ್ಮಸಿದ್ಧಾಂತದ ಅತ್ಯಂತ ಹಳೆಯ ಉಲ್ಲೇಖಗಳಲ್ಲಿ ಒಂದೆಂದು ವಿದ್ವಾಂಸರು ಎತ್ತಿ ತೋರಿಸುವ ಸಾಲು ಇದು. ಆದರೆ ನನಗೆ ಆ ಸಾಲಿನಷ್ಟೇ ಬೆಲೆಯುಳ್ಳದ್ದು ಚಾಚಿದ ಆ ಕೈ. ಸ್ಪರ್ಧೆಯ ನಡುವೆ, ಎದುರಾಳಿಯ ಕೈಹಿಡಿದು ಆಚೆ ಕರೆದೊಯ್ಯಬೇಕಾದ ವಿಚಾರ ಒಂದಿದೆ, ಅದನ್ನು ಗೆಲುವಿನ ಸರಕಾಗಿ ಬಳಸಬಾರದು ಎಂಬ ತೀರ್ಮಾನ ಆ ಕೈಯಲ್ಲಿದೆ. ಯಾವ ಸೂತ್ರದಲ್ಲೂ ಇದನ್ನು ಹೇಳಲಾಗದು. ಅದು ಕತೆಗೆ ಮಾತ್ರ ಸಾಧ್ಯ.

ಗಾರ್ಗಿಯನ್ನು ನೀವು ಕಾದಂಬರಿಯಲ್ಲಿ ಈಗಾಗಲೇ ಕಂಡಿರುತ್ತೀರಿ. ಮೂಲದಲ್ಲಿ ಅವಳು ಎರಡು ಬಾರಿ ಏಳುತ್ತಾಳೆ. ಮೊದಲ ಬಾರಿ, ‘ಅತಿಯಾಗಿ ಕೇಳಬೇಡ, ತಲೆ ಉರುಳೀತು’ ಎಂಬ ಎಚ್ಚರಿಕೆ ಕೇಳಿ ಕುಳಿತುಕೊಳ್ಳುತ್ತಾಳೆ. ಆಮೇಲೆ ಸಭೆಯ ಅನುಮತಿ ಪಡೆದು ಮತ್ತೆ ಎದ್ದು, ಕಾಶಿಯ ಅಥವಾ ವಿದೇಹದ ವೀರನೊಬ್ಬ ಬಿಲ್ಲಿಗೆ ಹೆದೆಯೇರಿಸಿ ಎರಡು ಬಾಣ ಹಿಡಿದು ಬಂದಂತೆ ಬಂದಿದ್ದೇನೆ ಎನ್ನುತ್ತಾಳೆ. ಉತ್ತರ ಕೇಳಿದ ಮೇಲೆ, ಇವನಿಗೆ ನಮಸ್ಕರಿಸಿ ಪಾರಾದರೆ ಅದೇ ದೊಡ್ಡದೆಂದು ತಿಳಿಯಿರಿ ಎಂದು ಉಳಿದವರಿಗೆ ಬುದ್ಧಿ ಹೇಳುತ್ತಾಳೆ. ಆ ಮಾತನ್ನು ಕೇಳದ ಶಾಕಲ್ಯ ದೇವತೆಗಳೆಷ್ಟು ಎಂದು ಕೇಳುತ್ತಾನೆ. 3306ರಿಂದ 33ಕ್ಕೆ, 33ರಿಂದ ಆರಕ್ಕೆ, ಮೂರಕ್ಕೆ, ಎರಡಕ್ಕೆ, ಒಂದೂವರೆಗೆ, ಒಂದಕ್ಕೆ ಇಳಿಯುತ್ತಾ ಹೋಗುವ ಆ ಲೆಕ್ಕದ ಕೊನೆಗೆ ಅವನ ತಲೆ ನಿಜವಾಗಿಯೇ ಉರುಳುತ್ತದೆ. ಅವನ ಮೂಳೆಗಳನ್ನೂ ಇನ್ನೇನೋ ಎಂದು ಭಾವಿಸಿ ಕಳ್ಳರು ಒಯ್ಯುತ್ತಾರೆ. ತಲೆ ಉರುಳಿದ್ದು ನಿಜವೇ ಎಂದು ನಿಮ್ಮ ಗೆಳತಿ ಕೇಳಿಯಾರು. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ನಿಮ್ಮ ಅಣ್ಣನವರ ಮಾತು. ಭಾಷ್ಯ ಹಿಡಿ ಎಂಬ ಅವರ ಸಲಹೆಯಲ್ಲಿ ತಪ್ಪಿಲ್ಲ. ಆದರೆ ತತ್ತ್ವಗ್ರಂಥದಲ್ಲಿ ಕತೆಗೇನು ಕೆಲಸ ಎಂಬ ಪ್ರಶ್ನೆಯನ್ನು ಆ ಪರಂಪರೆಯೇ ಎತ್ತಿಕೊಂಡಿದೆ ಎಂಬುದನ್ನು ಅವರಿಗೆ ವಿನಯದಿಂದ ನೆನಪಿಸಬಹುದು. ಅಶ್ವಮೇಧದಲ್ಲಿ ‘ಪಾರಿಪ್ಲವ’ ಎಂಬ ಒಂದು ವಿಧಿ ಇತ್ತು. ಕುದುರೆ ತಿರುಗಾಡುವ ವರ್ಷವಿಡೀ ರಾಜನಿಗೆ ಕತೆಗಳನ್ನು ಹೇಳಬೇಕಿತ್ತು. ಉಪನಿಷತ್ತುಗಳಲ್ಲಿ ಬರುವ ಕತೆಗಳೂ ಆ ವಿಧಿಗಾಗಿಯೇ ಇರುವ ಸಾಮಗ್ರಿಯೇ ಎಂದು ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರ ತನ್ನ ಮೂರನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಕೇಳಿ, ಅಲ್ಲ ಎಂದು ತೀರ್ಮಾನಿಸುತ್ತದೆ. ಪಾರಿಪ್ಲವಕ್ಕೆ ಯಾವ ಕತೆಗಳೆಂಬುದು ಬೇರೆಯೇ ಗೊತ್ತಾಗಿದೆ. ಇವು ಹತ್ತಿರದಲ್ಲೇ ಇರುವ ವಿದ್ಯೆಗೆ ಸೇರಿದವು. ಶಂಕರಾಚಾರ್ಯರು ಅಲ್ಲಿ ಕೊಡುವ ಉದಾಹರಣೆಗಳಲ್ಲಿ ಮೊದಲನೆಯದು ಯಾಜ್ಞವಲ್ಕ್ಯನ ಇಬ್ಬರು ಹೆಂಡತಿಯರ ಕತೆ. ಬೇರೆಡೆಗಳಲ್ಲಿ ಅವರು ಇಂಥ ಆಖ್ಯಾಯಿಕೆಗಳು ಸುಲಭವಾಗಿ ತಿಳಿಯಲೆಂದು, ವಿದ್ಯೆಯನ್ನು ಹೊಗಳಲೆಂದು, ವಿದ್ಯೆಯನ್ನು ಕೊಡುವ ಪಡೆಯುವ ಕ್ರಮವನ್ನು ತೋರಿಸಲೆಂದು ಇವೆ ಎನ್ನುತ್ತಾರೆ. ನಾನು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ, ಅದು ನನ್ನ ಅಭಿಪ್ರಾಯ. ಆರ್ತಭಾಗನ ಕೈಹಿಡಿದದ್ದು ವಿದ್ಯೆಯ ಹೊಗಳಿಕೆಗಿಂತ ಹೆಚ್ಚಿನದು. ಅದು ವಿದ್ಯೆಯ ಒಂದು ಭಾಗ.

ಕಾದಂಬರಿಕಾರರು ಮೂಲವನ್ನು ಕೆಡಿಸುತ್ತಾರೆ ಎಂಬ ಆಕ್ಷೇಪ ಇನ್ನೂ ಉಳಿಯಿತು. ಇಲ್ಲಿ ನಚಿಕೇತನ ಕತೆ ಸಹಾಯಕ್ಕೆ ಬರುತ್ತದೆ. ನಮಗೆಲ್ಲ ಗೊತ್ತಿರುವುದು ಕಠೋಪನಿಷತ್ತಿನ ನಚಿಕೇತ. ತಂದೆ ದಾನಕ್ಕೆಂದು ಹೊರಡಿಸಿದ ಹಸುಗಳನ್ನು ಹುಡುಗ ನೋಡುತ್ತಾನೆ: ಕುಡಿಯುವ ನೀರು ಕುಡಿದು ಮುಗಿಸಿದ, ತಿನ್ನುವ ಹುಲ್ಲು ತಿಂದು ಮುಗಿಸಿದ, ಕೊಡುವ ಹಾಲು ಕೊಟ್ಟು ಮುಗಿಸಿದ, ಇನ್ನು ಕರು ಹಾಕಲಾರದ ಹಸುಗಳು. ನನ್ನನ್ನು ಯಾರಿಗೆ ಕೊಡುತ್ತೀ ಎಂದು ಮತ್ತೆ ಮತ್ತೆ ಕೇಳಿ, ಮೃತ್ಯುವಿಗೆ ಎಂಬ ಉತ್ತರ ಪಡೆಯುತ್ತಾನೆ. ಮೂರನೆಯ ವರವಾಗಿ, ಸತ್ತ ಮೇಲೆ ಮನುಷ್ಯ ಇರುತ್ತಾನೆ ಎಂದು ಕೆಲವರು, ಇಲ್ಲ ಎಂದು ಕೆಲವರು ಹೇಳುತ್ತಾರಲ್ಲ, ನಿಜ ಯಾವುದು ಎಂದು ಕೇಳುತ್ತಾನೆ. ಆದರೆ ಇದೇ ಹುಡುಗ ಇದಕ್ಕಿಂತ ಹಿಂದಿನ ತೈತ್ತಿರೀಯ ಬ್ರಾಹ್ಮಣದಲ್ಲೂ ಇದ್ದಾನೆ. ಅಲ್ಲಿ ಮೂರನೆಯ ವರ ಬೇರೆ: ಮರಳಿ ಸಾಯುವುದನ್ನು ಗೆಲ್ಲುವ ದಾರಿ ಬೇಕೆನ್ನುತ್ತಾನೆ, ಯಮ ಅದಕ್ಕೆ ಅಗ್ನಿಚಯನವನ್ನು, ಅಂದರೆ ಯಜ್ಞದ ಅಗ್ನಿವೇದಿಯನ್ನು ಕಟ್ಟುವ ವಿಧಿಯನ್ನು, ಹೇಳುತ್ತಾನೆ. ಮಹಾಭಾರತದ ಅನುಶಾಸನ ಪರ್ವದಲ್ಲಿ ಮೂರನೆಯ ನಚಿಕೇತನಿದ್ದಾನೆ. ಹೊಳೆಯ ದಡದಲ್ಲಿ ಮರೆತು ಬಂದ ವಸ್ತುಗಳನ್ನು ತಾ ಎಂದು ತಂದೆ ಕಳಿಸುತ್ತಾನೆ. ಅವು ನೀರಿನಲ್ಲಿ ಕೊಚ್ಚಿಹೋಗಿವೆ. ಬರಿಗೈಯಲ್ಲಿ ಬಂದ ಮಗನನ್ನು ಹಸಿದ ತಂದೆ ಯಮನನ್ನು ಕಾಣು ಹೋಗು ಎಂದು ಶಪಿಸುತ್ತಾನೆ. ಹುಡುಗ ಯಮಲೋಕ ಕಂಡು ಮರಳಿ ಬಂದು ಗೋದಾನದ ಹಿರಿಮೆಯನ್ನು ಹೇಳುತ್ತಾನೆ.

ಒಂದೇ ಕತೆ ಮೂರು ಬಾರಿ ಬರೆಯಲ್ಪಟ್ಟಿದೆ. ಒಂದರಲ್ಲಿ ಯಜ್ಞ, ಇನ್ನೊಂದರಲ್ಲಿ ಆತ್ಮವಿಚಾರ, ಮತ್ತೊಂದರಲ್ಲಿ ದಾನ. ಕಠೋಪನಿಷತ್ತಿನ ಕವಿ ತನ್ನ ಕೈಗೆ ಬಂದ ಕತೆಯ ಮೂರನೆಯ ವರವನ್ನು ಬದಲಾಯಿಸಿದನಲ್ಲ, ಆ ಬದಲಾವಣೆಯೇ ಅವನ ದರ್ಶನ. ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಪುರಾಣವನ್ನು ಆಧರಿಸಿದ ಯಾವ ಕೃತಿಯನ್ನೇ ಓದಿ, ಹಳೆಯದಿರಲಿ ಹೊಸದಿರಲಿ, ಅದು ತನ್ನ ಮೂಲದಿಂದ ಎಲ್ಲಿ ಹೊರಳಿದೆ ಎಂದು ಹುಡುಕಿ. ಆ ಹೊರಳಿನಲ್ಲಿ ಲೇಖಕರು ಯೋಚಿಸುತ್ತಿರುತ್ತಾರೆ. ಉಳಿದ ಕಡೆ ಅವರು ಕತೆಯನ್ನು ಮುಂದಕ್ಕೆ ಒಯ್ಯುತ್ತಿರುತ್ತಾರೆ.

ಕನ್ನಡದ ಓದುಗರಿಗೆ ಈ ಅಭ್ಯಾಸ ಹೊಸದಾಗಬೇಕಿಲ್ಲ. 941ರಲ್ಲಿ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡವನು, ನೆನೆಯುವುದಾದರೆ ಕರ್ಣನನ್ನು ನೆನೆ ಎಂದೂ ಅದೇ ಕಾವ್ಯದಲ್ಲಿ ಹೇಳಿದ. ಕುವೆಂಪು ಅವರ ರಾಮಾಯಣದಲ್ಲಿ ಅಗ್ನಿಪರೀಕ್ಷೆಯ ಹೊತ್ತಿಗೆ ಸೀತೆಯೊಂದಿಗೆ ರಾಮನೂ ಬೆಂಕಿಯನ್ನು ಹೊಗುತ್ತಾನೆ. ವಾಲ್ಮೀಕಿಯನ್ನು ಓದಿರದವರಿಗೆ ಅದು ಒಂದು ಭವ್ಯವಾದ ದೃಶ್ಯ, ಅಷ್ಟೇ. ವಾಲ್ಮೀಕಿಯಲ್ಲಿ ರಾಮ ಆಡಿದ ಕಠಿಣವಾದ ಮಾತುಗಳು ಕಿವಿಯಲ್ಲಿರುವವರಿಗೆ ಅದು ಶತಮಾನಗಳ ಪ್ರಶ್ನೆಯೊಂದಕ್ಕೆ ಕವಿ ಕೊಟ್ಟ ಉತ್ತರ.

ಇದನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕಾದರೆ ಯಯಾತಿಯ ಕತೆಯನ್ನು ತೆಗೆದುಕೊಳ್ಳಿ. ಮಹಾಭಾರತದ ಆದಿಪರ್ವದಲ್ಲಿ ಶುಕ್ರನ ಶಾಪದಿಂದ ಯಯಾತಿಗೆ ಅಕಾಲ ಮುಪ್ಪು ಬರುತ್ತದೆ. ಯದು, ತುರ್ವಸು, ದ್ರುಹ್ಯು, ಅನು ಎಂಬ ನಾಲ್ವರು ಮಕ್ಕಳು ತಮ್ಮ ಯೌವನ ಕೊಟ್ಟು ಅದನ್ನು ಪಡೆಯಲು ಒಪ್ಪುವುದಿಲ್ಲ. ಕಿರಿಯವನಾದ ಪೂರು ಒಪ್ಪುತ್ತಾನೆ. ಸಾವಿರ ವರ್ಷ ಭೋಗಿಸಿದ ಮೇಲೆ ಯಯಾತಿಗೆ ಒಂದು ಅರಿವು ಬರುತ್ತದೆ: ತುಪ್ಪ ಹೊಯ್ದರೆ ಬೆಂಕಿ ಹೆಚ್ಚುವಂತೆ ಭೋಗದಿಂದ ಆಸೆ ಹೆಚ್ಚುತ್ತದೆಯೇ ಹೊರತು ತಣಿಯುವುದಿಲ್ಲ. ಯೌವನವನ್ನು ಮಗನಿಗೆ ಹಿಂತಿರುಗಿಸಿ, ರಾಜ್ಯವನ್ನೂ ಕೊಟ್ಟು ಕಾಡಿಗೆ ಹೋಗುತ್ತಾನೆ. ಈ ಅರಿವನ್ನು ಹೇಳುವ ಶ್ಲೋಕ ಎಷ್ಟು ಚೆನ್ನಾಗಿದೆಯೆಂದರೆ ಕತೆ ಅಲ್ಲಿಗೆ ಮುಗಿಯಿತು ಎಂದೇ ನಮಗೆ ಅನಿಸುತ್ತದೆ. ಗಿರೀಶ ಕಾರ್ನಾಡರು 1961ರ ತಮ್ಮ ನಾಟಕದಲ್ಲಿ ಈ ಕತೆಗೆ ಮೂಲದಲ್ಲಿಲ್ಲದ ಒಬ್ಬಳನ್ನು ಸೇರಿಸಿದರು. ಅವಳು ಚಿತ್ರಲೇಖೆ, ಪೂರುವಿನ ಹೊಸ ಮದುವಣಗಿತ್ತಿ. ಗಂಡ ಮುದುಕನಾಗಿದ್ದಾನೆ; ಅವನ ಯೌವನ ಮಾವನ ಮೈಯಲ್ಲಿದೆ. ನನ್ನ ಗಂಡನ ತಾರುಣ್ಯ ನಿಮ್ಮಲ್ಲಿದ್ದರೆ ನನ್ನ ಸ್ಥಾನ ಎಲ್ಲಿ ಎಂಬ ಪ್ರಶ್ನೆಯನ್ನು ಅವಳು ಯಯಾತಿಯ ಮುಂದಿಡುತ್ತಾಳೆ, ಉತ್ತರ ಸಿಗದೆ ಪ್ರಾಣ ಬಿಡುತ್ತಾಳೆ.

ಈಗ ಆ ಶ್ಲೋಕಕ್ಕೆ ಮರಳಿ ಹೋಗಿ ಓದಿ. ಯಯಾತಿಗೆ ಜ್ಞಾನ ಬಂದದ್ದು ನಿಜ, ಆದರೆ ಅದರ ಬೆಲೆಯನ್ನು ತೆತ್ತವರು ಯಾರು? ಮಗನ ತ್ಯಾಗವನ್ನು ಹೊಗಳುವಾಗ, ಆ ತ್ಯಾಗಕ್ಕೆ ತನ್ನನ್ನು ಯಾರೂ ಕೇಳದೆ ಬಲಿಯಾದವಳು ಲೆಕ್ಕಕ್ಕೆ ಬಂದಿದ್ದಳೇ? ಮಹಾಭಾರತ ಈ ಪ್ರಶ್ನೆಯನ್ನು ಕೇಳಲಿಲ್ಲ. ಇಪ್ಪತ್ತರ ಆಸುಪಾಸಿನ ಒಬ್ಬ ಕನ್ನಡದ ನಾಟಕಕಾರ ಕೇಳಿದರು. ಮೂಲ ಕೆಟ್ಟಿತು ಎನ್ನುವುದಕ್ಕಿಂತ ಮೂಲದೊಂದಿಗೆ ನಡೆಯುತ್ತಿರುವ ಮಾತುಕತೆ ಒಂದು ಸುತ್ತು ಮುಂದೆ ಹೋಯಿತು ಎನ್ನುವುದು ನ್ಯಾಯ. ಆದರೆ ಗಮನಿಸಿ, ಆದಿಪರ್ವವನ್ನು ಓದದೆ ನಾಟಕವನ್ನು ಮಾತ್ರ ಓದಿದವರಿಗೆ ಚಿತ್ರಲೇಖೆ ಹೊರಗಿನಿಂದ ಬಂದವಳು ಎಂಬುದೇ ತಿಳಿಯುವುದಿಲ್ಲ. ನಾಟಕದ ಅರ್ಧ ಶಕ್ತಿ ಅವರಿಗೆ ದಕ್ಕುವುದಿಲ್ಲ. ಈ ಮಟ್ಟಿಗೆ ನಿಮ್ಮ ಅಣ್ಣನವರ ಪಕ್ಷದಲ್ಲಿ ನಾನಿದ್ದೇನೆ.

ಇನ್ನು ನಿಮ್ಮ ಗೆಳತಿಯ ಮಾತು: ನಿಜವಾಗಿ ನಡೆದದ್ದೇನು ಎಂಬುದಷ್ಟೇ ಮುಖ್ಯ. ಪ್ಲೇಟೋನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರಟೀಸ್ ಮತ್ತು ಯುವಕ ಫೀಡ್ರಸ್ ಅಥೆನ್ಸಿನ ಹೊರಗೆ ಇಲಿಸಸ್ ಎಂಬ ತೊರೆಯಲ್ಲಿ ಬರಿಗಾಲಿನಲ್ಲಿ ನಡೆಯುತ್ತಿರುತ್ತಾರೆ. ಬೊರಿಯಸ್ ಎಂಬ ಗಾಳಿಯ ದೇವತೆ ರಾಜಕುಮಾರಿ ಒರಿಥಿಯಾಳನ್ನು ಹೊತ್ತೊಯ್ದದ್ದು ಇಲ್ಲಿಯೇ ಅಲ್ಲವೇ, ನೀವು ಅದನ್ನು ನಂಬುತ್ತೀರಾ ಎಂದು ಹುಡುಗ ಕೇಳುತ್ತಾನೆ. ಬುದ್ಧಿವಂತರಂತೆ ನಾನೂ ಹೇಳಬಹುದು ಎನ್ನುತ್ತಾನೆ ಸಾಕ್ರಟೀಸ್: ಆಡುತ್ತಿದ್ದ ಹುಡುಗಿಯನ್ನು ಬಡಗಣ ಗಾಳಿ ಬಂಡೆಯಿಂದ ಕೆಳಗೆ ತಳ್ಳಿರಬೇಕು, ಸತ್ತವಳನ್ನು ಗಾಳಿದೇವ ಒಯ್ದನೆಂದು ಜನ ಕತೆ ಕಟ್ಟಿರಬೇಕು. ಆದರೆ ಹೀಗೆ ಆರಂಭಿಸಿದರೆ ಅರ್ಧ ಕುದುರೆ ಅರ್ಧ ಮನುಷ್ಯರಾದವರನ್ನು, ರೆಕ್ಕೆಯ ಕುದುರೆಯನ್ನು, ಇನ್ನೂ ಎಷ್ಟೋ ವಿಚಿತ್ರಗಳನ್ನು ಒಂದೊಂದಾಗಿ ಸರಿಪಡಿಸುತ್ತಾ ಕೂರಬೇಕು. ಅಷ್ಟು ಬಿಡುವು ನನಗಿಲ್ಲ. ‘ನಿನ್ನನ್ನು ನೀನು ಅರಿ’ ಎಂದು ಡೆಲ್ಫಿಯ ದೇಗುಲದ ಶಾಸನ ಹೇಳುತ್ತದೆ, ನನ್ನನ್ನು ನಾನೇ ಇನ್ನೂ ಅರಿತಿಲ್ಲ. ಹೀಗೆ ಹೇಳಿದ ಸಾಕ್ರಟೀಸನೇ ಅದೇ ಸಂವಾದದಲ್ಲಿ ಮುಂದೆ ಆತ್ಮವನ್ನು ಎರಡು ರೆಕ್ಕೆಯ ಕುದುರೆಗಳ ರಥವಾಗಿ ಕಲ್ಪಿಸುತ್ತಾನೆ. ನಮ್ಮ ಕಠೋಪನಿಷತ್ತಿನಲ್ಲೂ ದೇಹ ರಥ, ಬುದ್ಧಿ ಸಾರಥಿ, ಇಂದ್ರಿಯಗಳು ಕುದುರೆಗಳು. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟುಕೊಂಡು ಒಂದು ಸಂಜೆ ಓದಿ. ಯಾರಿಂದ ಯಾರು ಪಡೆದರು ಎಂಬ ಜಗಳಕ್ಕೆ ಇಳಿಯಬೇಡಿ, ಪ್ಲೇಟೋನ ಒಂದು ಕುದುರೆ ಹುಟ್ಟಿನಿಂದಲೇ ಪುಂಡನಾಗಿರುವುದನ್ನು ಮಾತ್ರ ಗಮನಿಸಿ.

ಪುರಾಣಕ್ಕೆ ಲೌಕಿಕ ವಿವರಣೆ ಕೊಡುವ ಹವ್ಯಾಸ ಎಷ್ಟು ಹಳೆಯದೆಂದು ಇದರಿಂದ ತಿಳಿಯುತ್ತದೆ. ಭೈರಪ್ಪನವರ 1979ರ ‘ಪರ್ವ’ ದೊಡ್ಡ ಕಾದಂಬರಿಯಾಗಿರುವುದು ಪವಾಡಗಳನ್ನು ತೆಗೆದುಹಾಕಿದ್ದರಿಂದ ಎಂದು ನಾನು ಭಾವಿಸುವುದಿಲ್ಲ. ಪವಾಡ ತೆಗೆದ ಮೇಲೆ ಉಳಿದ ಮೈಗಳ ನೋವು, ಹಸಿವು, ಮುಪ್ಪು, ಮಕ್ಕಳ ಸಾವು, ಹಳೆಯ ಅವಮಾನದ ನೆನಪು, ಇವುಗಳನ್ನು ಕುಂತಿ, ದ್ರೌಪದಿ, ಕರ್ಣ, ಭೀಮರ ಮನಸ್ಸಿನೊಳಗಿಂದ ಬರೆದದ್ದರಿಂದ ಅದು ದೊಡ್ಡದು. ಅದನ್ನು ಇತಿಹಾಸವೆಂದು ಓದಿದರೆ ಕಾದಂಬರಿಗೂ ಅನ್ಯಾಯ, ಇತಿಹಾಸಕ್ಕೂ ಅನ್ಯಾಯ. ಶಾಕಲ್ಯನ ತಲೆ ಉರುಳಿತೇ ಎಂಬ ಪ್ರಶ್ನೆಗೂ ನನ್ನ ಉತ್ತರ ಇದೇ ದಿಕ್ಕಿನದು. ತಿಳಿದವರನ್ನು ಗೇಲಿ ಮಾಡಲೆಂದೇ ಕೇಳುವ ಪ್ರಶ್ನೆಯ ಅಪಾಯವನ್ನು ಆ ಕಾಲ ಎಷ್ಟು ಗಂಭೀರವಾಗಿ ತೆಗೆದುಕೊಂಡಿತ್ತು ಎಂದು ಆ ತಲೆ ಹೇಳುತ್ತದೆ. ನನಗೆ ಅಷ್ಟು ಸಾಕು.

ತತ್ತ್ವ ಮತ್ತು ಕತೆ ಒಂದನ್ನೊಂದು ಬಿಟ್ಟಿರಲಾರವು ಎಂಬುದಕ್ಕೆ ನಾನು ಮತ್ತೆ ಮತ್ತೆ ಹೋಗುವ ಜಾಗ ವನಪರ್ವದ ದ್ವೈತವನ. ಜೂಜು ಮುಗಿದು, ಕಾಡು ಸೇರಿ, ಧರ್ಮರಾಯ ನೆಲದ ಮೇಲೆ ಮಲಗುತ್ತಿದ್ದಾನೆ. ದಂತದ ಆಸನವನ್ನು ನೆನೆದು ದ್ರೌಪದಿ ಮಾತಿಗೆ ತೊಡಗುತ್ತಾಳೆ. ಧರ್ಮವನ್ನು ಕಾಯುವವನನ್ನು ಧರ್ಮ ಕಾಯುತ್ತದೆ ಎಂದು ಹಿರಿಯರಿಂದ ಕೇಳಿದ್ದೇನೆ, ನಿಮ್ಮನ್ನು ಅದು ಕಾಯುತ್ತಿರುವುದು ಮಾತ್ರ ನನಗೆ ಕಾಣುತ್ತಿಲ್ಲ ಎನ್ನುತ್ತಾಳೆ. ಮರದ ಗೊಂಬೆಯನ್ನು ಆಡಿಸುವಂತೆ ವಿಧಾತ ಜೀವಿಗಳನ್ನು ಆಡಿಸುತ್ತಾನೆ, ಮಗು ಆಟಿಕೆಗಳೊಂದಿಗೆ ಆಡುವಂತೆ ಆಡುತ್ತಾನೆ ಎನ್ನುತ್ತಾಳೆ. ಧರ್ಮರಾಯ, ನಿನ್ನ ಮಾತು ಇಂಪಾಗಿದೆ, ಸೊಗಸಾಗಿದೆ, ಆದರೆ ನಾಸ್ತಿಕರ ಮಾತು ಎನ್ನುತ್ತಾನೆ. ನಾನು ಫಲಕ್ಕಾಗಿ ಧರ್ಮ ಮಾಡುತ್ತಿಲ್ಲ, ಕೊಡಬೇಕೆಂದು ಕೊಡುತ್ತೇನೆ. ಧರ್ಮವನ್ನು ವ್ಯಾಪಾರ ಮಾಡುವವನು ಕೀಳು ಎನ್ನುತ್ತಾನೆ. ಅವಳು ಸುಮ್ಮನಾಗುವುದಿಲ್ಲ. ಧರ್ಮವನ್ನು ನಾನು ಹಳಿಯುತ್ತಿಲ್ಲ, ನೊಂದವಳ ಪ್ರಲಾಪವೆಂದು ತಿಳಿಯಿರಿ ಎಂದು ಹೇಳಿ, ಮತ್ತೆ ವಿಧಿ, ಯದೃಚ್ಛೆ (ಆಕಸ್ಮಿಕ), ಪುರುಷಪ್ರಯತ್ನಗಳ ಮೇಲೆ ಒಂದು ಪೂರ್ಣ ವಾದವನ್ನೇ ಮಂಡಿಸುತ್ತಾಳೆ. ಇದನ್ನೆಲ್ಲ ಎಲ್ಲಿ ಕಲಿತೆ ಎಂಬುದನ್ನೂ ಹೇಳುತ್ತಾಳೆ: ತವರಿನಲ್ಲಿ ಒಬ್ಬ ವಿದ್ವಾಂಸ ಬ್ರಾಹ್ಮಣ ಉಳಿದುಕೊಂಡಿದ್ದನು, ಅವನು ಅಣ್ಣಂದಿರಿಗೆ ನೀತಿ ಹೇಳಿಕೊಡುವಾಗ ನಾನು ತಂದೆಯ ತೊಡೆಯ ಮೇಲೆ ಕುಳಿತು ಕೇಳಿಸಿಕೊಂಡೆ.

ಈ ಕೊನೆಯ ವಿವರ ನನ್ನನ್ನು ಪ್ರತಿ ಓದಿನಲ್ಲೂ ತಡೆದು ನಿಲ್ಲಿಸುತ್ತದೆ. ಪಾಠ ಅವಳಿಗಾಗಿ ನಡೆದದ್ದಲ್ಲ. ಕೇಳಿಸಿಕೊಂಡದ್ದನ್ನು ಕಾಡಿನಲ್ಲಿ, ಎಲ್ಲವನ್ನೂ ಕಳೆದುಕೊಂಡ ಮೇಲೆ, ಗಂಡನ ಎದುರಿಗೆ ಬಳಸುತ್ತಾಳೆ. ನಿಷ್ಕಾಮಕರ್ಮ ಎಂಬ ವಿಚಾರವನ್ನು ನೀವು ಗೀತೆಯಲ್ಲಿ ಓದಿರುತ್ತೀರಿ. ಅಲ್ಲಿ ಅದನ್ನು ಕೃಷ್ಣ ಹೇಳುತ್ತಾನೆ, ಅರ್ಜುನ ಒಪ್ಪುತ್ತಾನೆ. ಇಲ್ಲಿ ಅದೇ ವಿಚಾರವನ್ನು ಹೇಳುತ್ತಿರುವವನು ಹೆಂಡತಿಯನ್ನು ಪಣಕ್ಕಿಟ್ಟವನು, ಕೇಳುತ್ತಿರುವವಳು ಪಣಕ್ಕಿಡಲ್ಪಟ್ಟವಳು. ಸಿದ್ಧಾಂತ ಒಂದೇ, ಆದರೆ ಇಲ್ಲಿ ಅದು ತನ್ನ ಪರೀಕ್ಷೆಯನ್ನು ತಾನೇ ಎದುರಿಸುತ್ತಿದೆ. ಇಬ್ಬರಲ್ಲಿ ಯಾರು ಗೆದ್ದರು ಎಂದು ವ್ಯಾಸರು ತೀರ್ಪು ಕೊಡುವುದಿಲ್ಲ. ಭೀಮ ಬಾಯಿ ಹಾಕುತ್ತಾನೆ, ಮಾತು ಮುಂದುವರಿಯುತ್ತದೆ.

ನಾನು ಕರಾವಳಿಯವನು. ನನಗೆ ಈ ರೀತಿಯ ಓದನ್ನು ಮೊದಲು ಕಲಿಸಿದ್ದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಎದುರು ಬದುರು ಕುಳಿತ ಅರ್ಥಧಾರಿಗಳು ಆ ಪದ್ಯದ ಅರ್ಥವನ್ನು ಅಲ್ಲಿಯೇ ಮಾತಿನಲ್ಲಿ ಕಟ್ಟುತ್ತಾರೆ. ವಾಲಿವಧೆಯ ಪ್ರಸಂಗವೆಂದರೆ ಜನ ಚಾಪೆ ಹಿಡಿದು ಬರುತ್ತಿದ್ದರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಬೇಕು, ರಾಮ ಉತ್ತರಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿಯ ಮುಂದೆ ರಾಮನ ಪಾತ್ರಧಾರಿಗೆ ಬೆವರೊಡೆಯುತ್ತಿತ್ತು. ಮೂಲದಲ್ಲೂ ವಾಲಿಯ ವಾದ ಸಣ್ಣದಲ್ಲ: ಐದುಗುರಿನ ಪ್ರಾಣಿಗಳಲ್ಲಿ ತಿನ್ನಬಹುದಾದವು ಐದೇ, ಮುಳ್ಳುಹಂದಿ, ಉಡ, ಮೊಲ, ಆಮೆ ಮುಂತಾದವು, ಕಪಿಯ ಮಾಂಸ, ಚರ್ಮ ಯಾವುದೂ ನಿನಗೆ ಉಪಯೋಗವಿಲ್ಲದಿರುವಾಗ ಬೇಟೆಯೆಂದು ಹೇಳಲೂ ನಿನಗೆ ದಾರಿಯಿಲ್ಲ ಎನ್ನುತ್ತಾನೆ. ರಾಮಭಕ್ತರೇ ತುಂಬಿದ್ದ ಸಭೆ ವಾಲಿಯ ಮಾತಿಗೆ ತಲೆದೂಗುತ್ತಿತ್ತು, ಬೆಳಿಗ್ಗೆ ರಾಮನಿಗೆ ಮಂಗಳ ಹಾಡಿ ಮನೆಗೆ ಹೋಗುತ್ತಿತ್ತು. ಭಕ್ತಿಗೂ ಪ್ರಶ್ನೆಗೂ ಒಂದೇ ಚಾಪೆಯಲ್ಲಿ ಜಾಗವಿತ್ತು. ನಿಮ್ಮ ಊರಿನ ಹತ್ತಿರ ತಾಳಮದ್ದಳೆ ನಡೆದರೆ ತಪ್ಪದೆ ಹೋಗಿ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಾದಂಬರಿಯಲ್ಲಿ ಯಾಜ್ಞವಲ್ಕ್ಯ ಆಡಿದ ಮಾತನ್ನು ಉಪನಿಷತ್ತಿನ ಮಾತೆಂದು ಯಾರಿಗೂ ಹೇಳಬೇಡಿ. ಈಗ ಮೊಬೈಲಿನಲ್ಲಿ ಹರಿದಾಡುವ ಕೃಷ್ಣನ, ಚಾಣಕ್ಯನ, ವಿದುರನ ಎಷ್ಟೋ ‘ನುಡಿಮುತ್ತು’ಗಳು ಯಾವ ಮೂಲದಲ್ಲೂ ಇಲ್ಲದವು. ಹೊಸ ಮಾತು ಬರೆಯಲು ಲೇಖಕರಿಗೆ ಹಕ್ಕಿದೆ. ಅದನ್ನು ಹಳಬರ ಹೆಸರಿಗೆ ಬರೆಯಲು ಓದುಗರಿಗೆ ಹಕ್ಕಿಲ್ಲ. ಮೆಚ್ಚಿಗೆಯಾದ ಸಾಲನ್ನು ಬರೆದಿಟ್ಟುಕೊಳ್ಳುವಾಗ ಪಕ್ಕದಲ್ಲೇ ಅದು ಯಾರದೆಂದು ಬರೆಯಿರಿ. ಮೂಲದ್ದಾದರೆ ಅಧ್ಯಾಯ ಸಹಿತ ಬರೆಯಿರಿ.

ಪುಸ್ತಕಗಳ ವಿಚಾರ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಶಾಂಕರಭಾಷ್ಯಗಳ ಕನ್ನಡ ಅನುವಾದಗಳನ್ನು ಪ್ರಕಟಿಸಿದೆ. ನಿಮ್ಮ ಅಣ್ಣನವರ ಜೊತೆ ಕುಳಿತು ಓದಲು ಅವು ಒಳ್ಳೆಯವು. ಒಬ್ಬರೇ ಓದುವಾಗ ಮೊದಲು ಮೂಲದ ಅನುವಾದವನ್ನು ಒಂದು ಬ್ರಾಹ್ಮಣ, ಅಂದರೆ ಒಂದು ಪ್ರಕರಣ, ಗಟ್ಟಿಯಾಗಿ ಓದಿ, ಆಮೇಲೆ ಭಾಷ್ಯಕ್ಕೆ ಹೋಗಿ. ಮಹಾಭಾರತಕ್ಕೆ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ ಇಂದಿಗೂ ನಂಬಬಹುದಾದ ಹೆಬ್ಬಾಗಿಲು. ಆದರೆ ಅದು ಸಂಗ್ರಹವಾದ್ದರಿಂದ ವನಪರ್ವದ ವಾದವನ್ನು ಪೂರ್ತಿಯಾಗಿ ಓದಲು ಮೂಲಶ್ಲೋಕಗಳಿರುವ ಅನುವಾದವನ್ನೇ ಗ್ರಂಥಾಲಯದಲ್ಲಿ ಹುಡುಕಬೇಕು.

ಯಾವುದು ಮೊದಲು ಎಂಬುದಕ್ಕೆ, ನಿಮ್ಮ ವಿಷಯದಲ್ಲಿ ಉತ್ತರ ಆಗಲೇ ನಿಶ್ಚಯವಾಗಿದೆ, ಕಾದಂಬರಿ ಮೊದಲಾಯಿತು. ಇನ್ನು ಬೃಹದಾರಣ್ಯಕದ ಮೂರನೆಯ ಅಧ್ಯಾಯ, ಆಮೇಲೆ ನಾಲ್ಕನೆಯದು. ನಾಲ್ಕರಲ್ಲಿ ಒಂದು ಕಡೆ ಜನಕ ಬಿಡದೆ ಕೇಳುತ್ತಾ ಹೋದಾಗ, ಈ ಜಾಣ ದೊರೆ ನನ್ನನ್ನು ಎಲ್ಲ ಮೂಲೆಗಳಿಂದಲೂ ಹೊರಗೆಳೆದುಬಿಟ್ಟನಲ್ಲ ಎಂದು ಯಾಜ್ಞವಲ್ಕ್ಯನಿಗೇ ಭಯವಾಗುತ್ತದೆ. ಅದನ್ನು ತಪ್ಪಿಸಬೇಡಿ. ಅದೇ ಅಧ್ಯಾಯದ ಐದನೆಯ ಬ್ರಾಹ್ಮಣಕ್ಕೆ ಬಂದಾಗ, ಹಣದಿಂದ ಅಮೃತತ್ವ ಸಿಗದಿದ್ದರೆ ಅದನ್ನು ತೆಗೆದುಕೊಂಡು ನಾನೇನು ಮಾಡಲಿ ಎನ್ನುವ ಮೈತ್ರೇಯಿಯನ್ನು ಓದಿದ ಮೇಲೆ, ಹಿಂದಕ್ಕೆ ಹೋಗಿ ಆ ಬ್ರಾಹ್ಮಣದ ಮೊದಲ ಸಾಲನ್ನು ಮತ್ತೊಮ್ಮೆ ನೋಡಿ. ಅಲ್ಲಿ ಕಾತ್ಯಾಯನಿಯ ಬಗ್ಗೆ, ಅವಳಿಗೆ ಸಾಮಾನ್ಯ ಹೆಂಗಸರಿಗಿರುವ ತಿಳಿವಳಿಕೆಯಷ್ಟೇ ಇತ್ತು ಎಂದು ಹೇಳಿ ಬಿಟ್ಟಿದ್ದಾರೆ. ಗಂಡ ಮನೆ ಬಿಟ್ಟು ಹೊರಟ ದಿನ ಅವಳು ಏನು ಯೋಚಿಸಿದಳು ಎಂದು ಉಪನಿಷತ್ತು ಒಂದು ಮಾತನ್ನೂ ಹೇಳುವುದಿಲ್ಲ. ‘ಮಹಾದರ್ಶನ’ವನ್ನು ಮತ್ತೆ ತೆರೆದು, ದೇವುಡು ಅವಳಿಗೆ ಎಷ್ಟು ಜಾಗ ಕೊಟ್ಟಿದ್ದಾರೆ, ಯಾವ ಮಾತುಗಳನ್ನು ಕೊಟ್ಟಿದ್ದಾರೆ ಎಂದು ಈ ಬಾರಿ ಹುಡುಕಿಕೊಂಡು ಓದಿ. ನಿಮಗೆ ಕಂಡದ್ದನ್ನು ಅಣ್ಣನವರ ಮುಂದಿಟ್ಟು ಅವರೇನು ಹೇಳುತ್ತಾರೆ ಕೇಳಿ. ಸಾಧ್ಯವಾದರೆ ನನಗೂ ಬರೆಯಿರಿ.